ಸೆವ್ರಿನ್ ಬಾಯಮ್ಮನ ಇಂಗ್ಲಿಷ್ ಪರೀಕ್ಷೆ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ಮುದುಕರ ಆರೈಕೆ ಮಾಡಿದ್ದ ಸೆವ್ರಿನ್ ಬಾಯಮ್ಮನಿಗೆ ಇಂಗ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಗುವುದರಲ್ಲಿತ್ತು. ಅಡ್ಡಗಾಲು ಹಾಕಿದ್ದು ಇಂಗ್ಲಿಷ್ ಪರೀಕ್ಷೆ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಒಂದು ಬೊಗಸೆಯಷ್ಟು.

ಪರೀಕ್ಷಕರಾದ ಪಡಿಯಾರ್ ಮಾಸ್ಟ್ರು ಟೈ ಬಿಗಿದು ಕುಳಿತಿದ್ದರು. “ನಾನೊಬ್ಬ ಹಟಮಾರಿ ರೋಗಿ ಅಂತ ತಿಳ್ಕೊಳ್ಳಿ. ಇಂಗ್ಲಿಷಿನಲ್ಲಿ ಹೇಳಿ ನನ್ನಿಂದ ಏನಾದರೂ ಮಾಡಿಸಿ ನೋಡುವ. ಮಾಡಿಸಿದರೆ ಪಾಸ್. ಬೆಳಿಗ್ಗೆಯಿಂದ ಒಬ್ಬರಿಗೂ ಆಗಲಿಲ್ಲ!” ಎಂದು ಮೀಸೆ ತಿರುವಿದರು.

ಬಾಯಮ್ಮ ಅವರ ಮೀಸೆ ನೋಡಲಿಲ್ಲ, ಕಾಲು ನೋಡಿದರು. ಬಿಗಿಯಾದ ಬೂಟಿನಿಂದ ಊದಿದ ಪಾದಗಳು ಹೊರಗೆ ಉಕ್ಕಿದ್ದವು.

“ಶೂ ಆಫ್,” ಎಂದರು.

“ನೋ!” ಎಂದರು ಮಾಸ್ಟ್ರು, ಪಾತ್ರಕ್ಕೆ ತಕ್ಕ ಹಾಗೆ.

“ಪೇನ್?”

ಮಾಸ್ಟ್ರ ತಲೆ ತಾನಾಗಿಯೇ ಹೌದೆಂದು ಆಡಿತು.

“ಶೂ ಆಫ್. ಲೆಗ್ ಅಪ್.”

ಎಂಥೆಂಥ ಹಟಮಾರಿ ಮುದುಕರಿಗೆ ಗಂಜಿ ಕುಡಿಸಿದ ದನಿ ಅದು. ಬೂಟು ಕಳಚಿತು. ಕಾಲು ಎದುರಿನ ಕುರ್ಚಿ ಏರಿತು.

“ವಾಟರ್.”

ಮಾಸ್ಟ್ರು ಮೇಜಿನ ಮೇಲಿದ್ದ ನೀರನ್ನು ಗಟಗಟ ಕುಡಿದರು.

“ಗುಡ್ ಬಾಯ್,” ಎಂದರು ಬಾಯಮ್ಮ.

ಆಗ ಮಾಸ್ಟ್ರಿಗೆ ಎಚ್ಚರವಾಯಿತು. “ಇದೆಂಥ ಇಂಗ್ಲಿಷ್ ಮಾರಾಯ್ರೆ! ಒಂದಾದರೂ ಪೂರ್ತಿ ವಾಕ್ಯ ಉಂಟಾ? ಫೇಲ್!”

“ಫೇಲ್ ಅಂದ್ರೆ ನೀವು ನನ್ನ ಮಾತು ಕೇಳಲೇ ಇಲ್ಲ ಅಂತಾಯ್ತಲ್ಲ ಸರ್,” ಎಂದರು ಬಾಯಮ್ಮ ಕನ್ನಡದಲ್ಲಿ. “ಹಾಗಾದ್ರೆ ಬೂಟು ಹಾಕ್ಕೊಳ್ಳಿ.”

ಮಾಸ್ಟ್ರು ಬೂಟು ನೋಡಿದರು. ಫ್ಯಾನಿನ ಗಾಳಿಗೆ ಹಾಯಾಗಿ ಚಾಚಿದ್ದ ತಮ್ಮ ಕಾಲು ನೋಡಿದರು. ತೆಪ್ಪಗೆ ಪಾಸ್ ಎಂದು ಬರೆದರು.

ಆ ದಿನ ಉಳಿದವರ ಪರೀಕ್ಷೆಯನ್ನೆಲ್ಲ ಅವರು ಬರಿಗಾಲಲ್ಲೇ ಮಾಡಿದರು.