ಬಟ್ಟಲಿನ ದೇಶ

ಐವನ್‌ನ ಕಪಾಟಿನಲ್ಲಿ ದೇಶದೇಶದ ಫುಟ್‌ಬಾಲ್ ಅಂಗಿಗಳು ಇಸ್ತ್ರಿ ಕೆಡದೆ ಕೂತಿದ್ದವು. ಒಂದು ದಿನ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಂದಾಗ, ಅವನ ಹೆಂಡತಿ ಲವೀನಾ ಬಣ್ಣಗೆಟ್ಟ ಹಳದಿ ಬ್ರೆಜಿಲ್ ಅಂಗಿಯನ್ನು ಕೊಟ್ಟು ಸ್ಟೀಲ್ ಬಟ್ಟಲೊಂದನ್ನು ತೆಗೆದುಕೊಂಡಳು. ಐವನ್ ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬಟ್ಟಲನ್ನು ಪಾತ್ರೆ ಅಂಗಡಿಗೆ ಒಯ್ದು, ಅದರ ಅಂಚಿಗೆ ‘ಬ್ರೆಜಿಲ್’ ಎಂದು ಹೆಸರು ಹಾಕಿಸಿ, ಅಂಗಿಯ ಜಾಗದಲ್ಲೇ ತಂದಿಟ್ಟ.

“ನಿನ್ನದು ಯಾವ ದೇಶ?” ಎಂದು ಕೆಲವು ದಿನಗಳ ನಂತರ ಅರ್ಜೆಂಟೀನಾ ಅಂಗಿ ಗದರಿತು.

“ನಾನು ಹುಟ್ಟಿದ್ದು ಪಾಯಸಕ್ಕೆ,” ಎಂದಿತು ಬಟ್ಟಲು. “ಆದರೆ ಬಂದವರಿಗೆಲ್ಲ ಅವನು ನನ್ನನ್ನೇ ತೋರಿಸಿ, ತೀರಿಕೊಂಡ ತನ್ನ ಅಪ್ಪ ಹಿಂದೊಮ್ಮೆ ‘ಗೋಲು!’ ಎಂದು ಕುಣಿದು ಮಂಚ ಮುರಿದ ಕಥೆ ಹೇಳುತ್ತಾನೆ. ‘ಅಪ್ಪ ಅವತ್ತು ತೊಟ್ಟಿದ್ದು ಇದೇ’ ಅನ್ನುತ್ತಾನೆ. ನನಗೆ ನೋಡಿದರೆ ತೋಳೇ ಇಲ್ಲ!”

ಅಂಗಿಗಳು ಪೆಚ್ಚಾದವು. “ಹಳದಿ ಅಂಗಿ ಇದ್ದಷ್ಟು ದಿನ ಈ ಕಥೆ ನಾವು ಕೇಳಲೇ ಇಲ್ಲವಲ್ಲ,” ಎಂದಿತು ಜರ್ಮನಿ ಅಂಗಿ. “ಅದರ ಮಡಿಕೆ ಸರಿಮಾಡಿ ಬಾಗಿಲು ಹಾಕುತ್ತಿದ್ದ, ಅಷ್ಟೇ. ಹಾಗಾದರೆ ಅವನ ನೆನಪಿನಲ್ಲಿ ಉಳಿಯಲು ನಾವು ಇಲ್ಲಿರಬೇಕೋ, ಇಲ್ಲಿಂದ ಹೋಗಬೇಕೋ?”

ಅಷ್ಟರಲ್ಲಿ ಬೀದಿಯಿಂದ “ಹಳೇ ಬಟ್ಟೆಗೆ ಪಾತ್ರೇ...” ಎಂಬ ಕೂಗು ಬಂತು. ಕೆಲವು ಅಂಗಿಗಳು ಹೆದರಿ ಗೋಡೆಗೆ ಒತ್ತಿಕೊಂಡವು, ಕೆಲವು ಬಾಗಿಲ ಕಡೆ ಬಾಗಿದವು.

“ಅಣ್ಣಂದಿರಾ, ಹೋಗುವವರು ಇದೊಂದು ಹೇಳಿ ಹೋಗಿ,” ಎಂದು ಬಟ್ಟಲು ಅಂಗಲಾಚಿತು. “ನಾನು ಸ್ಟೀಲೋ, ಬ್ರೆಜಿಲೋ?”