ಹೆಸರು ಕೇಳದ ಕಂಪನಿ

ನೀಲಾಂಬಿಕೆ ಗದಗಿನ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್. ಯಾವ ಓಣಿಗೆ ಯಾವಾಗ ನಳದ ನೀರು ಬರುತ್ತದೆಂದು ಮನೆಮನೆಯ ಮೊಬೈಲಿಗೆ ತಿಳಿಸುವ ಸಾಫ್ಟ್‌ವೇರ್ ಅವಳು ಬರೆದದ್ದು. ಐದು ವರ್ಷದಲ್ಲಿ ಒಮ್ಮೆಯೂ ಅದು ಹೊತ್ತು ತಪ್ಪಿ ಹೇಳಿರಲಿಲ್ಲ. ಹೆಂಗಸರು ಅದನ್ನೇ ನಂಬಿ ಕೊಡ ತೊಳೆದಿಟ್ಟು ಕಾಯುತ್ತಿದ್ದರು.

ಆದರೆ ದೊಡ್ಡ ಕಂಪನಿಗಳಿಗೆ ಇದನ್ನೆಲ್ಲ ಯಾರು ಹೇಳಬೇಕು? ಎರಡು ವರ್ಷದಲ್ಲಿ ನೂರಾ ಹನ್ನೆರಡು ಅರ್ಜಿ ಹಾಕಿದಳು. ಕೆಲಸ ಕೊಡದಿದ್ದರೆ ಬೇಡ, ಒಮ್ಮೆ ಎದುರು ಕೂರಿಸಿ ಪ್ರಶ್ನೆ ಕೇಳಲಿ ಎಂಬುದಷ್ಟೇ ಅವಳ ಆಸೆ. ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲ. ನಾಚಿಕೆ ಬಿಟ್ಟು ಒಂದು ಕಡೆ ಫೋನ್ ಮಾಡಿ ವಿಚಾರಿಸಿದಳು. "ನಿಮ್ಮ ಕಂಪನಿ ಹೆಸರೇ ಕೇಳಿಲ್ವಲ್ಲ ಮೇಡಂ" ಎಂದರು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಅವಳ ಕಂಪನಿಗೂ ಒಬ್ಬ ಎಂಜಿನಿಯರ್ ಬೇಕಾಗಿತ್ತು. ಮಾಲೀಕ ಚೆನ್ನವೀರಪ್ಪನವರು ನಲವತ್ತು ಅರ್ಜಿಗಳನ್ನು ಅವಳ ಕೈಗೇ ಕೊಟ್ಟಿದ್ದರು. ಅವಳು ಅರ್ಧ ಗಂಟೆಯಲ್ಲಿ ಐವರನ್ನು ಆರಿಸಿದ್ದಳು. ಆ ಐವರು ಮೂರು ತಿಂಗಳು ಕಾಯಿಸಿ, ಇಷ್ಟು ಸಣ್ಣ ಕಂಪನಿಗೆ ಬರುವುದಿಲ್ಲ ಎಂದರು.

"ಉಳಿದ ಅರ್ಜಿ ಏನಾದವು ಯವ್ವಾ?" ಎಂದು ಚೆನ್ನವೀರಪ್ಪನವರು ಕೇಳಿದರು.

"ಅವು ಯಾವ್ಯಾವೋ ಸರ್. ಹೆಸರ ಕೇಳದ ಕಂಪನಿಯವರು..."

ಫೋನಿನಲ್ಲಿ ತಾನು ಕೇಳಿಸಿಕೊಂಡ ಮಾತೇ ಅದು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಅವಳಿಗೆ ಆ ಕ್ಷಣ ಕಂಡಿತು.

ಮೂವತ್ತೈದು ಅರ್ಜಿಗಳನ್ನೂ ಕುಳಿತು ಓದಿದಳು. ರೋಣದ ಬಸಲಿಂಗ ಎಂಬವನ ಅರ್ಜಿಯನ್ನು ಮತ್ತೆ ಮತ್ತೆ ಓದಿದಳು. ಕರೆಂಟ್ ಹೋಗಿ ಬಂದಾಗ ಒಂದೇ ಸಂದೇಶ ಎರಡು ಸಲ ಹೋಗುವ ತೊಡಕು ಅವಳಿಗೆ ವರ್ಷದಿಂದ ಬಿಡಿಸಲಾಗಿರಲಿಲ್ಲ. ಅಂಥದೇ ತೊಡಕನ್ನು ತನ್ನ ಕಂಪನಿಯಲ್ಲಿ ಹೇಗೆ ಬಿಡಿಸಿದೆನೆಂದು ಅವನು ಮೂರೇ ಸಾಲಿನಲ್ಲಿ ಬರೆದಿದ್ದ. ಕೂಡಲೇ ಫೋನ್ ಮಾಡಿ ಸಂದರ್ಶನಕ್ಕೆ ಕರೆದಳು.

"ಇಲ್ರಿ ಮೇಡಂ. ಹೋದ ತಿಂಗಳ ಲ್ಯಾಪ್‌ಟಾಪ್ ಮಾರಿಬಿಟ್ಟೆ. ಈಗ ಮಾವನ ಟೈಲ್ಸ್ ಅಂಗಡ್ಯಾಗ ಅದೀನಿ. ಈ ಕೆಲಸ ನನ್ನ ಹಣ್ಯಾಗ ಬರದಿಲ್ಲ, ಬಿಡ್ರಿ." ಆಮೇಲೆ ಕೇಳಿದ. "ನನ್ನ ಅರ್ಜಿ ಪೂರ್ತಿ ಓದಿದ್ರೇನ್ರಿ?"

"ಓದಿದೆ. ಇವತ್ತ."

"ಒಬ್ಬರಾದ್ರೂ ಓದಿದ್ರಲ್ಲ" ಎಂದು ಫೋನ್ ಇಟ್ಟ.

ನೂರಾ ಹದಿಮೂರನೆಯ ಅರ್ಜಿ ಕಳಿಸಲು ನೀಲಾಂಬಿಕೆಗೆ ಕೈ ಏಳಲಿಲ್ಲ.

ನೀತಿ: ನಮಗಾಗಿ ಬಾಗಿಲು ತೆರೆಸುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ನಾವೇ ಕಾವಲಿರುವ ಬಾಗಿಲನ್ನಾದರೂ ಬಂದವರ ಕೆಲಸ ನೋಡಿ ತೆರೆಯಬೇಕು. ತಡಮಾಡಿ ತೆರೆದರೆ ಹೊರಗೆ ಯಾರೂ ಇರುವುದಿಲ್ಲ.