ಮೂರನೆಯ ಕಾಲಂ

“ಅಮ್ಮಾ, ನಾಳೆ ಪರಿಶೀಲನೆಯವರು ಬರುತ್ತಾರೆ. ‘ಗೊತ್ತಿಲ್ಲ’ ಎಂದು ಬರೆದ ಪುಸ್ತಕವನ್ನು ಅವರ ಮುಂದಿಟ್ಟರೆ ಆಸ್ಪತ್ರೆಗೆ ಅವಮಾನವಲ್ಲವೇ?” ಎಂದು ಶಿಷ್ಯೆ ಜಸಿಂತಾ ಕೇಳಿದಳು.

ಮೇಟ್ರನ್ ಕನ್ನಡಕ ತೆಗೆದಿಟ್ಟು ಹೇಳಿದರು:

ಒಂದು ಆಸ್ಪತ್ರೆ. ಅಲ್ಲಿ ಒಬ್ಬ ವೈದ್ಯ. ಕೊರಳಿನ ಥೈರಾಯ್ಡ್ ಗಂಟಿಗೆ ಸೂಜಿ ಚುಚ್ಚಿ, ಬಂದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಲ್ಯಾಬಿಗೆ ಕಳಿಸುವುದು ಅವನ ಕೆಲಸ. ಪಕ್ಕದಲ್ಲಿ ಟ್ರೇ ಹಿಡಿದು ನಿಲ್ಲುವುದು ಒಬ್ಬ ನರ್ಸಿನ ಕೆಲಸ. ಲ್ಯಾಬಿನ ಉತ್ತರವನ್ನು ಪುಸ್ತಕದಲ್ಲಿ ಬರೆಯುವುದೂ ಅವಳದೇ. ಪುಸ್ತಕದಲ್ಲಿ ಎರಡೇ ಕಾಲಂ: ಕ್ಯಾನ್ಸರ್ ಇದೆ, ಕ್ಯಾನ್ಸರ್ ಇಲ್ಲ.

ಕೆಲವು ಸಲ ಸೂಜಿಯಲ್ಲಿ ಬರಿಯ ರಕ್ತ ಬರುತ್ತಿತ್ತು. ಆಗ ಲ್ಯಾಬಿನವರು ‘ನೋಡಲು ಜೀವಕೋಶಗಳು ಸಾಲವು’ ಎಂದು ಬರೆದು ಕಳಿಸುತ್ತಿದ್ದರು. ಅದಕ್ಕೆ ಕಾಲಂ ಇರಲಿಲ್ಲ. ಅಂಥದ್ದನ್ನು ‘ಇಲ್ಲ’ದ ಕೆಳಗೆ ಬರೆಯುವುದು ಅಲ್ಲಿನ ವಾಡಿಕೆ. ರೋಗಿಗೂ ‘ಇಲ್ಲ’ ಎಂಬ ಚೀಟಿಯೇ ಸಿಗುತ್ತಿತ್ತು. ನರ್ಸ್ ಎಂಟು ವರ್ಷ ಹಾಗೆಯೇ ಬರೆದಳು.

ಒಂದು ದಿನ ಬಳೆ ಮಾರುವ ಹೆಂಗಸೊಬ್ಬಳು ಬಂದಳು. ಏಳು ತಿಂಗಳ ಹಿಂದೆ ಅವಳಿಗೆ ‘ಇಲ್ಲ’ದ ಚೀಟಿ ಸಿಕ್ಕಿತ್ತು. ಈಗ ದನಿ ಒಡೆದುಹೋಗಿತ್ತು.

“ಬಳಿ ಬೇಕೇನ್ರವ್ವಾ ಅಂತ ಒದರಿದ್ರ ಯಾರಿಗೂ ಕೇಳಂಗಿಲ್ರಿ. ಬಾಗಿಲದಾಗ ನಿಂತು ಬಳಿ ಗಲಗಲ ಅನ್ನಿಸ್ತೀನಿ,” ಎಂದು ಪಿಸುಗುಟ್ಟಿ ನಕ್ಕಳು. ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿದಳು. “ಆದ್ರ ರೋಗ ಇಲ್ಲ ಅಂತ ನೀವ ಬರದೀರಲ್ರಿ, ಸಿಸ್ಟರ್.”

ನರ್ಸ್ ಲ್ಯಾಬಿನ ಹಳೆಯ ಕಾಗದಗಳನ್ನು ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡಿದಳು. ಆ ವರ್ಷ ಸೂಜಿ ಚುಚ್ಚಿಸಿಕೊಂಡವರು ನೂರ ನಲವತ್ತು ಮಂದಿ. ಅವರಲ್ಲಿ ಮೂವತ್ತೊಂದು ಮಂದಿಗೆ ರೋಗ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವಳು ಅಳತೆಪಟ್ಟಿ ಇಟ್ಟು ಮೂರನೆಯ ಕಾಲಂ ಎಳೆದಳು. ‘ಗೊತ್ತಿಲ್ಲ, ಮತ್ತೆ ಚುಚ್ಚಬೇಕು’ ಎಂದು ಮೇಲೆ ಬರೆದು, ಮೂವತ್ತೊಂದು ಹೆಸರನ್ನೂ ಅಲ್ಲಿಗೆ ತಂದಳು.

ವೈದ್ಯ ಸಿಟ್ಟಾದ. “ಸೂಜಿ ಹಿಡಿಯುವವನು ನಾನೋ, ನೀನೋ?”

“ನೀವೇ, ಸರ್. ಟ್ರೇ ಹಿಡಿಯುವವಳು ನಾನು. ಸೂಜಿಯಲ್ಲಿ ಏನು ಬಂತೆಂದು ನಾನೂ ನೋಡಿದ್ದೇನೆ.”

“ನಾಳೆ ಪರಿಶೀಲನೆಯವರು ಬರುತ್ತಾರೆ. ಆ ಹಾಳೆ ಹರಿದುಹಾಕು.”

“ಹರಿಯುವುದಿದ್ದರೆ ನೀವೇ ಹರಿಯಿರಿ. ನಾನು ಇನ್ನೊಮ್ಮೆ ಬರೆಯುತ್ತೇನೆ.”

ಅವನು ಹರಿದ. ಅವಳು ಬರೆದಳು. ಮರುದಿನ ಪುಸ್ತಕವನ್ನು ತಾನೇ ಒಯ್ದು ಪರಿಶೀಲನೆಯವರ ಮೇಜಿನ ಮೇಲಿಟ್ಟಳು.

ಮೂವತ್ತೊಂದು ಮಂದಿಗೂ ಕರೆ ಹೋಯಿತು. ಮತ್ತೆ ಸೂಜಿ ಚುಚ್ಚಿದಾಗ ನಾಲ್ವರಲ್ಲಿ ಕ್ಯಾನ್ಸರ್ ಸಿಕ್ಕಿತು. ಬಳೆ ಮಾರುವವಳು ಆ ನಾಲ್ವರಲ್ಲಿ ಒಬ್ಬಳು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಮರಳಲಿಲ್ಲ. ನರ್ಸನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಅಳತೆಪಟ್ಟಿಯನ್ನು ಅವಳು ಜೊತೆಗೇ ಒಯ್ದಳು.

ಇಷ್ಟು ಹೇಳಿ ಮೇಟ್ರನ್ ಕನ್ನಡಕ ಹಾಕಿಕೊಂಡರು.

“ನನ್ನನ್ನೂ ಅಲ್ಲಿಗೇ ಹಾಕುತ್ತಾರೆ, ಅಮ್ಮಾ. ನಾನು ಸುಮ್ಮನಿದ್ದರೆ ಆಗದೇ?” ಎಂದಳು ಜಸಿಂತಾ.

“ಬಳೆ ಮಾರುವವಳ ದನಿಯನ್ನು ರೋಗ ಕಿತ್ತುಕೊಂಡಿತು, ನಿನ್ನದನ್ನು ಯಾರು ಕಿತ್ತುಕೊಂಡರು?” ಎಂದರು ಮೇಟ್ರನ್.